ಅಣ್ಣನ ಪಿಂಚಣಿಗೆ ಪಾಲಕರು ಯಾರು?

ಪ್ರಶ್ನೆ: ನಮ್ಮಣ್ಣನಿಗೆ 43 ವರ್ಷ. ಹುಟ್ಟಿನಿಂದಲೇ ಬುದ್ಧಿಮಾಂದ್ಯ. ಅಂಗವಿಕಲ ಪಿಂಚಣಿ ಅವನ ಖಾತೆಗೇ ಬರುತ್ತದೆ. ಅಮ್ಮ ಇರುವವರೆಗೂ ಅವನನ್ನು ಬ್ಯಾಂಕಿಗೆ ಕರೆದುಕೊಂಡು ಹೋಗಿ, ಹೆಬ್ಬೆಟ್ಟು ಒತ್ತಿಸಿ ದುಡ್ಡು ತೆಗೆಸುತ್ತಿದ್ದರು. ಈಗ ನಾನು ಹೋದರೆ, ಗಾರ್ಡಿಯನ್ ಅನ್ನುವುದಕ್ಕೆ ಕಾಗದ ಎಲ್ಲಿ ಎನ್ನುತ್ತಾರೆ. ಒಡಹುಟ್ಟಿದವಳು ಅಂದರೆ ಸಾಲದೇ? ಅವನಿಗೆ ಅಡಿಕೆ ತೋಟದಲ್ಲಿ ಪಾಲೂ ಇದೆ.
— ಓದುಗಿ, ಮೆಣಸೆ, ಶೃಂಗೇರಿ ತಾಲ್ಲೂಕು

ಉತ್ತರ: ಸಾಲದಮ್ಮ. ಹದಿನೆಂಟು ತುಂಬಿದವರಿಗೆ ಹೆತ್ತ ತಾಯಿಯೂ ತಾನಾಗಿ ಪಾಲಕಿ ಆಗುವುದಿಲ್ಲ. ನಿಮ್ಮ ತಾಯಿಯವರ ಕಾಲಕ್ಕೆ ಮುಖಪರಿಚಯದಿಂದ ನಡೆದುಹೋಯಿತು, ಅಷ್ಟೆ.

ಇದಕ್ಕೆ ಕೋರ್ಟಿಗೆ ಅಲೆಯಬೇಕಿಲ್ಲ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯ ಮತ್ತು ಬಹುವಿಧ ವೈಕಲ್ಯ ಇರುವವರಿಗಾಗಿ 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆ ಇದೆ. ಅದರಡಿ ಜಿಲ್ಲಾಧಿಕಾರಿಗಳ ನೇತೃತ್ವದ ಸ್ಥಳೀಯ ಸಮಿತಿ ಪಾಲಕರನ್ನು ನೇಮಿಸುತ್ತದೆ. ಸಮಿತಿಯಲ್ಲಿ ನೋಂದಾಯಿತ ಸಂಸ್ಥೆಯ ಪ್ರತಿನಿಧಿಯೊಬ್ಬರು, ವಿಕಲಚೇತನರೊಬ್ಬರು ಇರುತ್ತಾರೆ. ಸಂಬಂಧಿಕರು ಅರ್ಜಿ ಹಾಕಬಹುದು. ಅಣ್ಣನ ಯುಡಿಐಡಿ ಕಾರ್ಡ್, ಇಬ್ಬರ ಆಧಾರ್, ತಾಯಿಯ ಮರಣ ಪತ್ರ, ಸಂಬಂಧ ತೋರಿಸುವ ದಾಖಲೆ ಜೋಡಿಸಿಕೊಳ್ಳಿ. ಮೆಣಸೆಯಿಂದ ಚಿಕ್ಕಮಗಳೂರಿಗೆ ಹೋಗಿಬರುವುದೆಂದರೆ ಒಂದು ದಿನವೇ ಹೋಯಿತು. ಹಾಗಾಗಿ ಹೊರಡುವ ಮೊದಲು ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರಿಗೆ ಕಾಗದಗಳನ್ನೆಲ್ಲ ತೋರಿಸಿ. ಈ ಸಮಿತಿ ಕೊಡುವ ಪ್ರಮಾಣಪತ್ರದ ಮೇಲೆ ಖಾತೆ ತೆರೆಯಲು, ನಡೆಸಲು ಅವಕಾಶ ಕೊಡುವಂತೆ ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ತಿಳಿಸಿದೆ. ಹೊಸ ಖಾತೆ ತೆರೆದರೆ ಎಚ್ಚರ: ಆಧಾರ್ ಯಾವ ಖಾತೆಗೆ ಜೋಡಣೆಯಾಗಿದೆಯೋ ಪಿಂಚಣಿ ಅಲ್ಲಿಗೇ ಹೋಗುತ್ತದೆ. ನಿಂತುಹೋದರೆ ನಾಡಕಚೇರಿಯಲ್ಲಿ ವಿಚಾರಿಸಿ.

ಪತ್ರ ಕೈಗೆ ಬಂತೆಂದರೆ ಜವಾಬ್ದಾರಿಯೂ ಬಂತು. ಆರು ತಿಂಗಳೊಳಗೆ ಅಣ್ಣನ ಆಸ್ತಿಪಟ್ಟಿ ಸಲ್ಲಿಸಬೇಕು. ತೋಟದ ಪಾಲು ಅದರಲ್ಲಿ ಇರಲೇಬೇಕು. ಪ್ರತಿ ವರ್ಷ ಮಾರ್ಚ್ ಮುಗಿದ ಮೂರು ತಿಂಗಳಲ್ಲಿ ಲೆಕ್ಕ ಒಪ್ಪಿಸಬೇಕು. ಪಾಲಕರು ಹಣ ದುರುಪಯೋಗ ಮಾಡಿದರೆ, ಕಡೆಗಣಿಸಿದರೆ, ಸಂಬಂಧಿಕರು ಅಥವಾ ನೋಂದಾಯಿತ ಸಂಸ್ಥೆ ದೂರು ಕೊಟ್ಟು ತೆಗೆಸಬಹುದು. ಒಂದು ನೋಟ್‌ಬುಕ್ಕಿನಲ್ಲಿ ಔಷಧಿ, ಬಟ್ಟೆ, ಬಸ್ಸಿನ ಖರ್ಚು ಬರೆದಿಡಿ, ರಸೀದಿ ಅಂಟಿಸಿ. ಈ ತಿಂಗಳು ಸಂಘದ ಕಂತಿಗೆ ಅವನ ದುಡ್ಡು ಕಟ್ಟೋಣ, ಮುಂದಿನ ತಿಂಗಳು ಹಾಕಿದರಾಯಿತು ಎಂದುಕೊಳ್ಳಬೇಡಿ. ಪ್ರಾಮಾಣಿಕರ ಮನೆಗಳಲ್ಲೂ ಲೆಕ್ಕ ಕೆಡುವುದು ಇಲ್ಲಿಂದಲೇ.

ಇನ್ನೊಂದು ಮಾತು ಮನಸ್ಸಿಟ್ಟು ಕೇಳಿ. ಆ ದುಡ್ಡು ಅಣ್ಣನದು. ತಮ್ಮ ಹಣಕಾಸಿನ ಮೇಲೆ ವಿಕಲಚೇತನರಿಗೂ ಎಲ್ಲರಷ್ಟೇ ಹಕ್ಕಿದೆ ಎಂದು 2016ರ ಹಕ್ಕುಗಳ ಕಾಯ್ದೆ ಹೇಳುತ್ತದೆ. ಅಂಗಿ ಕೊಳ್ಳುವಾಗ ಬಣ್ಣ ಅವನೇ ಆರಿಸಲಿ. ನೋಟು ಗುರುತಿಸಬಲ್ಲನಾದರೆ ಒಂದಿಷ್ಟು ಅವನ ಜೇಬಿನಲ್ಲೇ ಇರಲಿ.

ಪ್ರಶ್ನೆ: ಮೈದುನನಿಗೆ ಸ್ಕಿಜೋಫ್ರೇನಿಯಾ. ನಮಗೂ ಇದೇ ಸಮಿತಿಯೇ?
— ಓದುಗಿ, ಕೊಪ್ಪ

ಉತ್ತರ: ಅಲ್ಲ, ಮಾನಸಿಕ ಕಾಯಿಲೆ ಮಾತ್ರ ಇದ್ದರೆ 1999ರ ಕಾಯ್ದೆ ಅನ್ವಯಿಸುವುದಿಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆಯ ನಾಮನಿರ್ದೇಶಿತ ಪ್ರತಿನಿಧಿಗೆ ಚಿಕಿತ್ಸೆಯ ವಿಷಯದಲ್ಲಷ್ಟೇ ಪಾತ್ರ, ಬ್ಯಾಂಕಿನಲ್ಲಿ ಇಲ್ಲ. ಅಗತ್ಯ ಬಿದ್ದರೆ 2016ರ ಕಾಯ್ದೆಯ ಸೀಮಿತ ಪಾಲಕತ್ವ ಕೇಳಬಹುದು. ವಿಕಲಚೇತನರಿಗೆ ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ವಕೀಲರ ನೆರವು ಉಚಿತ. ಆದರೆ ಔಷಧಿ ಸರಿಯಾಗಿ ನಡೆಯುತ್ತಿದ್ದರೆ ಎಷ್ಟೋ ಜನ ತಮ್ಮ ಖಾತೆ ತಾವೇ ನೋಡಿಕೊಳ್ಳುತ್ತಾರೆ. ಮೊದಲು ಅವರ ಜೊತೆ ಬ್ಯಾಂಕಿಗೆ ಹೋಗಿ, ಸ್ಲಿಪ್ ಅವರೇ ಬರೆಯಲಿ.