ಅಕ್ಷರಗುಂಡು ಮತ್ತು ರೈಸ್: ಎರಡು ಶಾಲೆಗಳಲ್ಲಿ ಒಂದೇ ಪಾಠ

ಬೋಧನಾಭ್ಯಾಸದಲ್ಲಿ ನನ್ನ ವಿಷಯಗಳು ಗಣಿತ ಮತ್ತು ವಿಜ್ಞಾನ. ಚಳ್ಳಕೆರೆಯ ಶಾಲೆಯಲ್ಲಿ ಸಮಾಜ ವಿಜ್ಞಾನದ ಶಿಕ್ಷಕರು ರಜೆಯಲ್ಲಿದ್ದಾಗ ಎಂಟನೇ ತರಗತಿಯ ಎರಡು ಅವಧಿಗಳು ನನಗೆ ಬಂದವು. ಇತಿಹಾಸದ ಆಧಾರಗಳನ್ನು ಕುರಿತ ಪಾಠ ನಡೆಯುತ್ತಿತ್ತು. ಶಾಸನ ಎಂದರೇನು ಎಂಬ ವ್ಯಾಖ್ಯೆ ಬರೆಸುವ ಬದಲು, ಶಾಸನ ಓದಿಸಿ ಪುಸ್ತಕ ಮಾಡಿದ ಒಬ್ಬರ ಜೀವನವನ್ನೇ ಪಾಠವಾಗಿ ತೆಗೆದುಕೊಂಡೆ. ಮುಂದಿನ ತಿಂಗಳು ಮೊಳಕಾಲ್ಮೂರಿನಲ್ಲೂ ಅದನ್ನೇ ಮಾಡಿದೆ.

ಬಿ. ಎಲ್. ರೈಸ್ ನಮ್ಮ ಇಲಾಖೆಯವರೇ ಎನ್ನಬಹುದು. 1837ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಇಂಗ್ಲಿಷ್ ಪಾದ್ರಿಯೊಬ್ಬರ ಮಗ. ಬೆಂಗಳೂರಿನಲ್ಲಿ ಮುಖ್ಯೋಪಾಧ್ಯಾಯರಾಗಿದ್ದು, 1865ರಲ್ಲಿ ಶಾಲಾ ತನಿಖಾಧಿಕಾರಿಯಾದರು, ನಂತರ ಮೈಸೂರು–ಕೊಡಗಿನ ವಿದ್ಯಾ ಇಲಾಖೆಯ ನಿರ್ದೇಶಕರು. ಶಾಲೆ ನೋಡಲು ಊರೂರು ತಿರುಗುವಾಗಲೇ ಅವರಿಗೆ ಕಲ್ಲುಗಳ ಹುಚ್ಚು ಹತ್ತಿದ್ದು. ಎಪಿಗ್ರಾಫಿಯಾ ಕರ್ನಾಟಿಕಾದ ಹನ್ನೆರಡು ಸಂಪುಟಗಳಲ್ಲಿ ಸುಮಾರು 9,000 ಶಾಸನಗಳನ್ನು ಜಿಲ್ಲೆ, ತಾಲ್ಲೂಕುವಾರು ಸಂಖ್ಯೆ ಹಾಕಿ ಅಚ್ಚು ಮಾಡಿಸಿದರು. ತಾಳೆಗರಿಯಲ್ಲಿದ್ದ ಹಳಗನ್ನಡ ಕಾವ್ಯಗಳನ್ನೂ ಬಿಡಲಿಲ್ಲ. ಪಂಪಭಾರತ 1898ರಲ್ಲಿ ಅಚ್ಚಾದದ್ದು ಅವರ ಬಿಬ್ಲಿಯೋಥೆಕಾ ಕರ್ನಾಟಿಕಾ ಮಾಲೆಯಲ್ಲಿ. ಆಗ ನಮ್ಮ ತಳುಕಿನ ಟಿ. ಎಸ್. ವೆಂಕಣ್ಣಯ್ಯನವರು ಇನ್ನೂ ಹುಡುಗರು. ಮುಂದೆ ಅವರು ಮೈಸೂರಿನಲ್ಲಿ ಕನ್ನಡ ಪ್ರಾಧ್ಯಾಪಕರಾಗಿ ಕುವೆಂಪು ಅವರಿಗೆ ಗುರುವಾದರು. ಓದಿಸಲು ಅಚ್ಚಾದ ಪಠ್ಯವೇ ಇಲ್ಲದಿದ್ದರೆ ಕನ್ನಡದ ತರಗತಿ ಹೇಗೆ ನಡೆಯುತ್ತಿತ್ತು ಎಂದು ಕೇಳಿದೆ. ತಳುಕು ಎಂಬ ಹೆಸರು ಬಂದಕೂಡಲೇ ಹಿಂದಿನ ಬೆಂಚಿನವರೂ ತಲೆ ಎತ್ತಿದರು.

ಚಟುವಟಿಕೆಗೆ ಹೆಚ್ಚು ಸಮಯ ಕೊಟ್ಟೆ. ಕಲ್ಲಿನ ಮೇಲೆ ಒದ್ದೆ ಕಾಗದ ಹಾಸಿ, ಕುಂಚದಿಂದ ಬಡಿದು, ಮೇಲೆ ಮಸಿ ಒತ್ತಿ ಪಡಿಯಚ್ಚು ತೆಗೆಯುತ್ತಾರೆ. ನಮ್ಮಲ್ಲಿ ಕಲ್ಲಿನ ಬದಲು ಸೋಪು. ಐದೈದು ಮಕ್ಕಳ ಗುಂಪಿಗೆ ಒಂದು ಬಿಲ್ಲೆ, ಒಂದು ಗುಂಡುಪಿನ್ನು. ಹೆಸರಿನ ಮೊದಲ ಅಕ್ಷರ ಕೆತ್ತಿ, ತೆಳು ಕಾಗದವಿಟ್ಟು ಪೆನ್ಸಿಲ್ ಉಜ್ಜಿದರು. ಅಕ್ಷರ ಬಿಳಿ, ಸುತ್ತ ಕಪ್ಪು. ಯಾಕೆ ಹೀಗೆ? ಪೆನ್ಸಿಲ್ ಉಬ್ಬಿದ ಕಡೆ ಮಾತ್ರ ತಾಗುತ್ತದೆ, ತಗ್ಗಿಗೆ ಇಳಿಯುವುದಿಲ್ಲ ಎಂದು ಒಬ್ಬಳು ತಾನೇ ಹೇಳಿದಳು. ನಾಣ್ಯ ಇಟ್ಟು ಉಜ್ಜಿದರೆ ಉಲ್ಟಾ ಆಗುತ್ತದೆ ಎಂಬುದನ್ನು ಇನ್ನೊಂದು ಗುಂಪು ಕೇಳದೆಯೇ ಮಾಡಿ ತೋರಿಸಿತು. ವಿಜ್ಞಾನದ ಅವಧಿಯಲ್ಲೂ ಇಷ್ಟು ಚುರುಕು ನಾನು ಕಂಡಿರಲಿಲ್ಲ.

ಮೊಳಕಾಲ್ಮೂರಿನಲ್ಲಿ ಪಾಠ ಬೇರೆ ದಾರಿ ಹಿಡಿಯಿತು. 1892ರಲ್ಲಿ ರೈಸ್ ಅಶೋಕನ ಶಾಸನಗಳನ್ನು ಗುರುತಿಸಿದ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಮೂರೂ ಈ ತಾಲ್ಲೂಕಿನವು. ಬೆಟ್ಟದ ರಾಮೇಶ್ವರನ ಜಾತ್ರೆಗೆ ಹೋಗಿಬಂದವರು ತರಗತಿಯಲ್ಲಿದ್ದರು. ಬ್ರಹ್ಮಗಿರಿಯ ಬಂಡೆಗೆ ಜನ ಮೊದಲೇ ಅಕ್ಷರಗುಂಡು ಎನ್ನುತ್ತಿದ್ದರು, ಬೆಟ್ಟದ ಮೇಲಿನದಕ್ಕೆ ಬಳೆಗಾರರ ಗುಂಡು ಎಂಬ ಹೆಸರಿತ್ತು ಎಂದು ಹೇಳುತ್ತಿದ್ದಂತೆ ಒಬ್ಬ ಎದ್ದು ನಿಂತ.

“ಊರೋರಿಗೆ ಮೊದ್ಲೇ ಗೊತ್ತಿತ್ತಲ್ಲ ಮಿಸ್, ಮತ್ತೆ ಅವ್ರು ಕಂಡುಹಿಡಿದಿದ್ದೇನು?”

ಆ ಪ್ರಶ್ನೆಗೆ ಉಳಿದ ಅವಧಿ ಪೂರ್ತಿ ಕೊಟ್ಟೆ. ಹಲಗೆಯನ್ನು ಎರಡು ಭಾಗ ಮಾಡಿ, ಊರಿನವರಿಗೆ ಗೊತ್ತಿದ್ದದ್ದು ಎಡಕ್ಕೆ, ಓದಿದ ಮೇಲೆ ಗೊತ್ತಾದದ್ದು ಬಲಕ್ಕೆ ಬರೆಸಿದೆ. ಎಡಕ್ಕೆ: ಇದು ಅಕ್ಷರ, ಬರೀ ಗೀಚಲ್ಲ. ಇದು ಸಣ್ಣ ತಿಳಿವಳಿಕೆಯಲ್ಲ. ಬಲಕ್ಕೆ: ಬ್ರಾಹ್ಮಿ ಲಿಪಿ, ಪ್ರಾಕೃತ ಭಾಷೆ, ಸುವರ್ಣಗಿರಿಯಿಂದ ಇಸಿಲದ ಅಧಿಕಾರಿಗಳಿಗೆ ಬಂದ ಆದೇಶ, ಬರೆದವನು ಚಪಡನೆಂಬ ಲಿಪಿಕಾರ, ತನ್ನ ವೃತ್ತಿಯ ಹೆಸರನ್ನು ಬಲದಿಂದ ಎಡಕ್ಕೆ ಓದುವ ಖರೋಷ್ಠಿಯಲ್ಲಿ ಕೆತ್ತಿದ್ದಾನೆ. ಬ್ರಾಹ್ಮಿಯನ್ನು ಪ್ರಿನ್ಸೆಪ್ ಬಿಡಿಸಿದ್ದು 1837ರ ಹೊತ್ತಿಗೆ, ಅಂದರೆ ರೈಸ್ ಹುಟ್ಟಿದ ಕಾಲಕ್ಕೆ. ಹಾಗಾಗಿ ರೈಸ್ ಒಬ್ಬರೇ ಏನನ್ನೂ ಮಾಡಿದಂತಾಗಲಿಲ್ಲ. ಅವರ ಕಚೇರಿಯ ಪಂಡಿತರ ಕೆಲಸವೂ ಇದರಲ್ಲಿ ಸೇರಿದೆ. ಅಲ್ಲಿ ಸಹಾಯಕರಾಗಿದ್ದ ಆರ್. ನರಸಿಂಹಾಚಾರ್ಯರೇ 1906ರಲ್ಲಿ ಅವರ ಸ್ಥಾನಕ್ಕೆ ಬಂದರು. ಈ ಮೂರೂ ಕಡೆ ಅಶೋಕ ಎಂಬ ಹೆಸರಿಲ್ಲ, ದೇವರಿಗೆ ಪ್ರಿಯನಾದವನು ಎಂದಷ್ಟೇ ಇದೆ. ಹೆಸರು ಸಿಕ್ಕಿದ್ದು 1915ರಲ್ಲಿ ಮಸ್ಕಿಯಲ್ಲಿ. ಶಿಷ್ಯರು ಗುರುಗಳನ್ನು ಗೌರವಿಸಬೇಕೆಂದು ಬ್ರಹ್ಮಗಿರಿಯ ಕಲ್ಲಿನಲ್ಲಿದೆ ಎಂಬುದನ್ನು ಕೊನೆಗೆ ಹೇಳಿದೆ. ಮೊದಲೇ ಹೇಳಿದ್ದರೆ ನನ್ನ ಸ್ವಾರ್ಥಕ್ಕೆ ಹೇಳಿದಂತಾಗುತ್ತಿತ್ತು.

ಮೌಲ್ಯಮಾಪನದಲ್ಲಿ ‘ಶಾಸನವನ್ನು ಪತ್ತೆ ಹಚ್ಚಿದವರು ಯಾರು?’ ಎಂದು ಕೇಳದೆ, ‘1892ಕ್ಕೆ ಮೊದಲು ಮತ್ತು ನಂತರ ಈ ಬಂಡೆಯ ಬಗ್ಗೆ ಯಾರಿಗೆ ಏನು ಗೊತ್ತಿತ್ತು?’ ಎಂದು ಕೇಳಿದೆ. ಉತ್ತರಗಳು ಉದ್ದವಾದವು, ತಿದ್ದಲು ಎರಡು ಸಂಜೆ ಹಿಡಿಯಿತು. ಒಂದು ಅವಧಿಯಲ್ಲಿ ಜೀವನಚರಿತ್ರೆ, ಚಟುವಟಿಕೆ ಎರಡೂ ಮುಗಿಯುವುದಿಲ್ಲ, ಎರಡು ಅವಧಿ ಕೇಳಿ ಪಡೆಯಿರಿ. ಸೋಪು ಮೈಗೆ ಹಚ್ಚುವುದೇ ಇರಲಿ. ಬಟ್ಟೆ ಸೋಪು ಪಿನ್ನಿಗೆ ಪುಡಿಯಾಗುತ್ತದೆ.