ಗಾಲಿ ಔಟ್ ಆಗ್ಯದೇನು? ಮನೆಯಲ್ಲೇ ನೇರ ಮಾಡಿ

ಬಸವಕಲ್ಯಾಣದ ಸುತ್ತಿನ ಹಳ್ಳಿಗಳಿಂದ ಬೆಳಿಗ್ಗೆ ಶಾಲೆಗೆ ಹೊರಟ ಸೈಕಲ್‌ಗಳ ಸಾಲಿಗೆ ಕಿವಿಗೊಟ್ಟರೆ ಒಂದೆರಡರಿಂದಾದರೂ ಆ ಸದ್ದು ಬರುತ್ತದೆ: ಕಿರ್... ಕಿರ್... ಕಿರ್... ಗಾಲಿ ಒಂದು ಸುತ್ತು ತಿರುಗುವಷ್ಟರಲ್ಲಿ ಒಮ್ಮೆ ಬ್ರೇಕಿನ ರಬ್ಬರ್ ರಿಮ್ಮಿಗೆ ತಾಗುವ ಸದ್ದು ಅದು. ‘ಗಾಲಿ ಔಟ್ ಆಗ್ಯದ’ ಎಂದು ಮಿಸ್ತ್ರಿಗಳು ಹೇಳುವುದು ಇದನ್ನೇ. ಹುಡುಗರು ಇದಕ್ಕೆ ಕಂಡುಕೊಂಡ ಉಪಾಯ ಒಂದೇ, ಬ್ರೇಕ್ ಸಡಿಲ ಮಾಡುವುದು. ಸದ್ದು ನಿಲ್ಲುತ್ತದೆ, ಜೊತೆಗೆ ಬ್ರೇಕೂ ಹೋಗುತ್ತದೆ. ಹುಮನಾಬಾದ್ ಮೂಲಕ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 65ರಲ್ಲಿ ಹಗಲು ರಾತ್ರಿ ಲಾರಿಗಳು ಓಡುತ್ತವೆ. ಅಂಥ ರಸ್ತೆ ದಾಟುವ ಮಗುವಿನ ಕೈಯಲ್ಲಿ ಬ್ರೇಕ್ ಇಲ್ಲದ ಸೈಕಲ್ ಇರಲೇಬಾರದು.

ರಾಜ್ಯ ಸರ್ಕಾರ 2006–07ರಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡಲು ಶುರು ಮಾಡಿದ ಮೇಲೆ ಮುಡಬಿ, ರಾಜೇಶ್ವರ, ದುಬಲಗುಂಡಿ, ಹಳ್ಳಿಖೇಡದಂಥ ಊರುಗಳ ಅಂಗಳಕ್ಕೂ ಹೊಸ ಸೈಕಲ್ ಬಂತು. ಆದರೆ ಅದನ್ನು ನೋಡಿಕೊಳ್ಳುವ ಕೈಕೆಲಸ ಅದರ ಜೊತೆ ಬರಲಿಲ್ಲ. ಸಣ್ಣ ಸೊಟ್ಟಿಗೂ ಪೇಟೆಗೆ ಒಯ್ಯಬೇಕು, ಒಂದು ದಿನ ಶಾಲೆ ತಪ್ಪಬೇಕು. ಅದನ್ನು ಮನೆಯಲ್ಲೇ ಸರಿಮಾಡಲು ಬೇಕಾದದ್ದು ಒಂದು ಸ್ಪೋಕ್ ಪಾನಾ, ನಾಲ್ಕು ಹನಿ ಎಣ್ಣೆ, ಒಂದು ಗಂಟೆ ಬಿಡುವು, ಅಷ್ಟೇ.

ಪಾನಾ ಹಿಡಿಯುವ ಮೊದಲು ಗಾಲಿ ನಿಂತಿರುವುದು ಹೇಗೆ ಎಂಬುದು ತಿಳಿದಿರಬೇಕು. ಎತ್ತಿನ ಬಂಡಿಯ ಗಾಲಿಯಲ್ಲಿ ಮರದ ಅರೆಗಳು ಕಂಬದ ಹಾಗೆ ಭಾರ ಹೊರುತ್ತವೆ. ಸೈಕಲ್ಲಿನ ಕಡ್ಡಿ, ಅಂದರೆ ಸ್ಪೋಕ್, ಸುಮಾರು 2 ಮಿ.ಮೀ. ದಪ್ಪದ ತಂತಿ, ಒತ್ತಿದರೆ ಬಾಗುತ್ತದೆ. ಅದರ ಬಲವೆಲ್ಲ ಎಳೆತದಲ್ಲಿದೆ. ಕರಿ ದೊಡ್ಡ ಸೈಕಲ್ಲಿನ ಮುಂದಿನ ಗಾಲಿಯಲ್ಲಿ ಸಾಮಾನ್ಯವಾಗಿ 32, ಹಿಂದಿನದರಲ್ಲಿ 40 ಕಡ್ಡಿಗಳಿರುತ್ತವೆ. ಅರ್ಧದಷ್ಟು ಗಾಲಿಯ ನಡುವಿನ ಹಬ್ಬಿನ ಎಡಗಡೆಯಿಂದ, ಅರ್ಧದಷ್ಟು ಬಲಗಡೆಯಿಂದ ಹೊರಟು ರಿಮ್ಮನ್ನು ತಮ್ಮ ತಮ್ಮ ಕಡೆಗೆ ಎಳೆಯುತ್ತವೆ. ಎರಡೂ ಕಡೆಯ ಎಳೆತ ಸಮನಾಗಿದ್ದರೆ ರಿಮ್ ನಡುವೆ ನಿಲ್ಲುತ್ತದೆ.

ಹೊರಸು ಹೆಣೆದವರಿಗೆ ಇದು ಹೊಸ ಮಾತಲ್ಲ. ಒಂದು ಕಡೆ ಹಗ್ಗ ಹೆಚ್ಚು ಜಗ್ಗಿದರೆ ಹೊರಸಿನ ಒಂದು ಕಾಲು ನೆಲ ಬಿಟ್ಟು ಮೇಲೇಳುತ್ತದೆ. ಆಗ ಯಾರೂ ಕಾಲಿಗೆ ಸುತ್ತಿಗೆ ಬಡಿಯುವುದಿಲ್ಲ, ಹಗ್ಗ ಸರಿಪಡಿಸುತ್ತಾರೆ. ಹಗ್ಗ ಹೊಸೆಯುವುದನ್ನೇ ಕಾಯಕ ಮಾಡಿಕೊಂಡ ಶರಣ ನುಲಿಯ ಚಂದಯ್ಯ ಬಾಳಿದ ಕಲ್ಯಾಣದ ಜನಕ್ಕೆ ಎಳೆತದ ಲೆಕ್ಕ ಬಿಡಿಸಿ ಹೇಳಬೇಕಾಗಿಲ್ಲ. ಸೊಟ್ಟ ರಿಮ್ಮನ್ನು ಕಲ್ಲಿಗೆ ಬಡಿದು, ಕಾಲಲ್ಲಿ ತುಳಿದು ನೇರ ಮಾಡಹೋಗುವುದು ಮಾತ್ರ ಇನ್ನೂ ನಿಂತಿಲ್ಲ. ಅದರಿಂದ ಕೆಡುಕೇ ಹೆಚ್ಚು.

ಮೊದಲು ರೋಗ ಪತ್ತೆ

ಸೈಕಲ್ಲನ್ನು ಸೀಟು, ಹ್ಯಾಂಡಲ್ ಮೇಲೆ ಮಗುಚಿ ನಿಲ್ಲಿಸಿ. ಟೈರ್ ಹಿಡಿದು ಅತ್ತಿತ್ತ ಅಲ್ಲಾಡಿಸಿ. ಹಬ್ಬಿನ ಬಳಿ ಕಟಕಟ ಎಂದರೆ ಅದರ ಬೇರಿಂಗನ್ನು ಹಿಡಿದಿಡುವ ಕೋನ್ ಸಡಿಲಾಗಿದೆ, ಮೊದಲು ಅದನ್ನು ಬಿಗಿ ಮಾಡಬೇಕು. ಆಮೇಲೆ ಗಾಲಿ ತಿರುಗಿಸಿ ರಿಮ್ಮನ್ನು ನೋಡಿ, ಟೈರನ್ನಲ್ಲ. ಟೈರ್ ಸರಿಯಾಗಿ ಕೂತಿರದಿದ್ದರೂ ಗಾಲಿ ಓಲಾಡಿದಂತೆ ಕಾಣುತ್ತದೆ.

ಈಗ ಕಡ್ಡಿಗಳನ್ನು ಒಂದೊಂದಾಗಿ ಬೆರಳಿನಿಂದ ಮೀಟುತ್ತಾ ಬನ್ನಿ. ಬಿಗಿಯಾದದ್ದು ಟಿಣ್ ಎನ್ನುತ್ತದೆ, ಸಡಿಲಾದದ್ದು ಮಂಕಾಗಿ ಡಬ್ ಎನ್ನುತ್ತದೆ. ಬಹಳಷ್ಟು ಸಲ ಎರಡು ಮೂರು ಡಬ್ ಕಡ್ಡಿಗಳಲ್ಲೇ ರೋಗವೆಲ್ಲ ಇರುತ್ತದೆ. ಮುರಿದದ್ದಿದ್ದರೆ ಅದೇ ಅಳತೆಯ ಹೊಸದನ್ನು ಹಾಕಿದ ಮೇಲೆಯೇ ಮುಂದಿನ ಕೆಲಸ. ಕಡ್ಡಿ ಮುರಿಯುವುದು ಹೆಚ್ಚಾಗಿ ಹಬ್ಬಿನ ಬಳಿಯ ಬಾಗಿನಲ್ಲಿ. ಹೀಗೆ ಮುರಿಯುವುದಕ್ಕೆ ಕಾರಣವಿದೆ. ದೊಡ್ಡ ಸೈಕಲ್ಲಿನ ಗಾಲಿ ಒಂದು ಸುತ್ತಿಗೆ ಸುಮಾರು 2.2 ಮೀಟರ್ ಸಾಗುತ್ತದೆ. ಐದು ಕಿ.ಮೀ. ದೂರದ ಶಾಲೆ ಮುಟ್ಟುವಷ್ಟರಲ್ಲಿ 2,200ಕ್ಕೂ ಹೆಚ್ಚು ಸುತ್ತು. ಪ್ರತಿ ಸುತ್ತಿನಲ್ಲಿ ಕಡ್ಡಿ ಕೆಳಗೆ ಬಂದಾಗ ಎಳೆತ ತುಸು ಇಳಿಯುತ್ತದೆ, ಮತ್ತೆ ಏರುತ್ತದೆ. ಮೊದಲೇ ಸಡಿಲಿದ್ದ ಕಡ್ಡಿ ಈ ಏರಿಳಿತಕ್ಕೆ ಬೇಗ ದಣಿದು ತುಂಡಾಗುತ್ತದೆ.

ಕಸಬರಿಗೆ ಕಡ್ಡಿಯ ಮಾಪಕ

ಗಾಲಿ ನೇರ ಮಾಡುವ ಅಂಗಡಿಯ ಸ್ಟ್ಯಾಂಡ್ ಮನೆಯಲ್ಲಿ ಬೇಕಿಲ್ಲ. ಒಂದು ಕಸಬರಿಗೆ ಕಡ್ಡಿಯನ್ನು ಫೋರ್ಕಿಗೆ ದಾರದಿಂದ ಬಿಗಿದು, ಅದರ ತುದಿ ರಿಮ್ಮಿನ ಪಕ್ಕಕ್ಕೆ ಒಂದು ಕೂದಲೆಳೆ ದೂರದಲ್ಲಿರುವಂತೆ ಮಾಡಿ. ಗಾಲಿಯನ್ನು ನಿಧಾನ ತಿರುಗಿಸಿ, ಎಲ್ಲಿ ತಾಗುತ್ತದೋ ಅಲ್ಲಿ ಖಡುವಿನಿಂದ ಗುರುತು ಹಾಕಿ. ಕಡ್ಡಿಗಳನ್ನು ರಿಮ್ಮಿಗೆ ಬಿಗಿಯುವ ನಿಪ್ಪಲ್‌ಗಳ ಬುಡಕ್ಕೆ ಒಂದೊಂದು ಹನಿ ಎಣ್ಣೆ ಬಿಟ್ಟು ಹತ್ತು ನಿಮಿಷ ಸುಮ್ಮನಿರಿ. ತುಕ್ಕು ಹಿಡಿದ ನಿಪ್ಪಲನ್ನು ಅವಸರದಲ್ಲಿ ತಿರುವಿದರೆ ಅದರ ಅಂಚು ಸವೆದು ಪಾನಾ ಜಾರತೊಡಗುತ್ತದೆ. ಪಾನಾದ ಕಚ್ಚು ನಿಪ್ಪಲಿಗೆ ಸರಿಯಾಗಿ ಕೂರಬೇಕು. ಇಕ್ಕಳದಲ್ಲಿ ಹಿಡಿದು ತಿರುವುವುದು ಬೇಡ.

ಹೊಸಬರೆಲ್ಲ ಎಡವುವುದು ಯಾವ ಕಡೆ ತಿರುಗಿಸಬೇಕು ಎಂಬಲ್ಲಿ. ನಿಪ್ಪಲನ್ನು ಟೈರಿನ ಕಡೆಯಿಂದ ನೋಡಿದಾಗ ಗಡಿಯಾರದ ಮುಳ್ಳಿನಂತೆ ತಿರುಗಿಸಿದರೆ ಬಿಗಿ, ಉಲ್ಟಾ ತಿರುಗಿಸಿದರೆ ಸಡಿಲ. ಅದೇ ನಿಪ್ಪಲನ್ನು ಹಬ್ಬಿನ ಕಡೆಯಿಂದ ನೋಡಿದರೆ ಲೆಕ್ಕ ತಿರುಗುಮುರುಗಾಗುತ್ತದೆ. ಗೊಂದಲ ತಪ್ಪಿಸಲು, ಗುರುತು ಹಾಕಿದ ಜಾಗವನ್ನು ಗಾಲಿಯ ನೆತ್ತಿಗೆ ತಂದುಕೊಂಡು, ಮೇಲಿನಿಂದ ಬಗ್ಗಿ ನೋಡುತ್ತಲೇ ತಿರುಗಿಸಿ.

ರಿಮ್ ಬಲಕ್ಕೆ ವಾಲಿದ್ದರೆ ಆ ಗುರುತಿನಲ್ಲಿ ಹಬ್ಬಿನ ಎಡಗಡೆಯಿಂದ ಬಂದ ಕಡ್ಡಿಯನ್ನು ಕಾಲು ಸುತ್ತು ಬಿಗಿ ಮಾಡಿ. ಅದರ ಅಕ್ಕಪಕ್ಕದಲ್ಲಿ ಬಲಗಡೆಯಿಂದ ಬಂದ ಎರಡು ಕಡ್ಡಿಗಳನ್ನು ಅದರ ಅರ್ಧದಷ್ಟು ಸಡಿಲಿಸಿ. ಎಡಕ್ಕೆ ವಾಲಿದ್ದರೆ ಇದರ ಉಲ್ಟಾ. ಡಬ್ ಎಂದ ಕಡ್ಡಿ ಅಲ್ಲಿ ಸಿಕ್ಕರೆ ಅದನ್ನೇ ಮೊದಲು ಬಿಗಿ ಮಾಡಿ, ಆಗ ಇನ್ನೊಂದು ಕಡೆ ಸಡಿಲಿಸುವ ಅಗತ್ಯ ಬೀಳದಿರಬಹುದು. ಬರೀ ಬಿಗಿ ಮಾಡುತ್ತಲೇ ಹೋದರೆ ರಿಮ್ ಅಲ್ಲಲ್ಲಿ ಒಳಕ್ಕೆ ಎಳೆದುಕೊಂಡು ಗಾಲಿ ದುಂಡಗೆ ಉಳಿಯುವುದಿಲ್ಲ.

ಕಾಲು ಸುತ್ತು ಎಂದದ್ದು ಸುಮ್ಮನೆ ಅಲ್ಲ. ಸ್ಪೋಕಿನ ತುದಿಯ ಮರೆ (ತಿರುಪಿನ ಗೆರೆ) ಅಂಗುಲಕ್ಕೆ 56 ಸುತ್ತಿನದು. ಕಾಲು ಸುತ್ತಿಗೆ ನಿಪ್ಪಲ್ ಸರಿಯುವುದು 0.11 ಮಿ.ಮೀ. ಮಾತ್ರ. ಇಷ್ಟು ಸಣ್ಣ ಹೆಜ್ಜೆ ಇಟ್ಟರೆ ತಪ್ಪಾದರೂ ಹಿಂದೆ ಬರಬಹುದು. ಎರಡು ಮೂರು ಸುತ್ತು ಒಮ್ಮೆಲೇ ತಿರುವಿದವರಿಗೆ ಎಲ್ಲಿಂದ ಹೊರಟಿದ್ದೆವು ಎಂಬುದೇ ಮರೆತುಹೋಗುತ್ತದೆ. ಪ್ರತಿ ಸಲ ತಿರುವಿದ ಮೇಲೆ ಗಾಲಿ ತಿರುಗಿಸಿ ನೋಡಿ, ಹಳೆಯ ಗುರುತು ಒರೆಸಿ, ಕಸಬರಿಗೆ ಕಡ್ಡಿಯ ತುದಿ ಇನ್ನೊಂದಿಷ್ಟು ಹತ್ತಿರ ತನ್ನಿ. ಅತ್ತಿತ್ತಲಿನ ಓಲಾಟ ಒಂದು ಮಿ.ಮೀ. ಒಳಗೆ ಬಂದರೆ ದಿನಬಳಕೆಗೆ ಸಾಕು.

ಗಾಲಿ ಮೇಲೆ ಕೆಳಗೆ ಕುಣಿಯುತ್ತಿದ್ದರೆ ಕಸಬರಿಗೆ ಕಡ್ಡಿಯನ್ನು ರಿಮ್ಮಿನ ಹೊರ ಅಂಚಿಗೆ ಹಿಡಿದು ನೋಡಬೇಕು. ಟೈರ್ ಬಿಚ್ಚಿದರೆ ಇದು ಚೆನ್ನಾಗಿ ಕಾಣುತ್ತದೆ. ಉಬ್ಬಿದ ಕಡೆ ಎಡ ಬಲ ಎರಡೂ ಕಡ್ಡಿಗಳನ್ನು ಜೋಡಿಯಾಗಿ ಬಿಗಿ ಮಾಡಿ. ರಾಡ್ ಬ್ರೇಕಿನ ಕರಿ ಸೈಕಲ್ಲುಗಳಲ್ಲಿ ರಬ್ಬರ್ ರಿಮ್ಮಿನ ಒಳಮುಖಕ್ಕೆ ಒತ್ತುವುದರಿಂದ, ಅಲ್ಲಿ ಬ್ರೇಕಿಗೆ ತಾಗುವುದು ಹೆಚ್ಚಾಗಿ ಈ ಕುಣಿತವೇ.

ಕೊನೆಯಲ್ಲಿ ಅಕ್ಕಪಕ್ಕದ ಕಡ್ಡಿಗಳನ್ನು ಎರಡೆರಡಾಗಿ ಮುಷ್ಟಿಯಲ್ಲಿ ಹಿಡಿದು ಗಟ್ಟಿಯಾಗಿ ಹಿಸುಕಿ. ಟಿಕ್ ಟಿಕ್ ಸದ್ದು ಬಂದರೆ ಹೆದರಬೇಡಿ, ನಿಪ್ಪಲಿನ ಜೊತೆ ತಿರುಚಿಕೊಂಡಿದ್ದ ಕಡ್ಡಿ ಬಿಚ್ಚಿಕೊಳ್ಳುವ ಸದ್ದು ಅದು. ಆಮೇಲೆ ಇನ್ನೊಮ್ಮೆ ಅಳತೆ ನೋಡಿ. ಬಹಳ ಬಿಗಿ ಮಾಡಿದ್ದರೆ ಟ್ಯೂಬ್ ತೆಗೆದು, ನಿಪ್ಪಲಿನಿಂದ ಹೊರಗೆ ಇಣುಕಿದ ಕಡ್ಡಿಯ ತುದಿಯನ್ನು ಅರದಿಂದ ಉಜ್ಜಿಬಿಡಿ, ಇಲ್ಲವಾದರೆ ಮರುದಿನವೇ ಪಂಕ್ಚರ್.

ಮನೆಯಲ್ಲಿ ಆಗದ ಕೆಲಸವೂ ಇದೆ. ಗುಂಡಿಗೆ ಬಿದ್ದು ರಿಮ್ ಚಪ್ಪಟೆಯಾಗಿದ್ದರೆ, ಬಿರುಕು ಬಿಟ್ಟಿದ್ದರೆ, ಗಾಲಿ ಎಂಟರ ಆಕಾರಕ್ಕೆ ಬಂದಿದ್ದರೆ ಅದು ಮಿಸ್ತ್ರಿಯ ಪಾಲು, ಬಹುಶಃ ಹೊಸ ರಿಮ್ಮಿನ ಖರ್ಚು.

ನೇರವಾದ ಗಾಲಿಗೆ ಸಡಿಲಿಸಿದ್ದ ಬ್ರೇಕನ್ನು ಮತ್ತೆ ಹತ್ತಿರ ತಂದು, ಮನೆಯ ಮುಂದೆಯೇ ನಾಲ್ಕು ಸಲ ಹಿಡಿದು ನೋಡಿ. ಹೊಸದಾಗಿ ಬಿಗಿ ಮಾಡಿದ ಕಡ್ಡಿಗಳು ಮೊದಲ ಇಪ್ಪತ್ತು ಮೂವತ್ತು ಕಿ.ಮೀ. ಓಟದಲ್ಲಿ ತುಸು ಸಡಿಲಾಗುತ್ತವೆ. ಬಸವಕಲ್ಯಾಣದಿಂದ ಹುಮನಾಬಾದಿಗೆ ಹೋದಷ್ಟು ದೂರ ಓಡಿದ ಮೇಲೆ ಆ ಕಸಬರಿಗೆ ಕಡ್ಡಿಯನ್ನು ಇನ್ನೊಮ್ಮೆ ಕಟ್ಟಿ ನೋಡಿ.