ಇಂದಿನ ಚಿಂತನೆ: ಒಪ್ಪದವರು ಮಾತನಾಡಬೇಕು



ಡಿಗ್ರಿ ಮುಗಿಸಿ ಹಾರನಹಳ್ಳಿಯಿಂದ ಮೈಸೂರಿಗೆ ಕೆಲಸದ ಸಂದರ್ಶನಕ್ಕೆ ಹೋಗಿದ್ದೆ. ಗ್ರೂಪ್ ಡಿಸ್ಕಷನ್‌ನಲ್ಲಿ ಎಂಟು ಜನ, ವಿಷಯ ಮೀಸಲಾತಿ. ಒಬ್ಬರಾದ ಮೇಲೊಬ್ಬರು ಬೇಡವೆಂದರು. ನನಗೆ ಉತ್ತರ ಗೊತ್ತಿತ್ತು, ಇಂಗ್ಲಿಷಿನಲ್ಲಿ ಮಾತು ಶುರು ಮಾಡುವುದು ಗೊತ್ತಿರಲಿಲ್ಲ. ಕೊನೆಗೆ ಒಬ್ಬ 'ನಾವೆಲ್ಲ ಒಪ್ಪಿದ್ದೇವೆ' ಎಂದ. ಆ 'ಎಲ್ಲ'ದೊಳಗೆ ನಾನೂ ಸೇರಿಹೋದೆ.

ಭಿಕ್ಖು ಸಂಘದಲ್ಲಿ ನಿರ್ಣಯವನ್ನು ಸಭೆಯ ಮುಂದಿಟ್ಟಾಗ ಒಪ್ಪಿದವರು ಸುಮ್ಮನಿರಬೇಕು, ಒಪ್ಪದವರು ಮಾತನಾಡಬೇಕು. ಮುಖ್ಯ ವಿಷಯವಾದರೆ ಮೂರು ಸಲ ಕೇಳುತ್ತಾರೆ. 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಬಾಬಾಸಾಹೇಬರು ಸಂಘದ ನಿರ್ಣಯ, ಕೋರಂ, ಮತ ಎಣಿಕೆಯ ನಿಯಮಗಳನ್ನು ನೆನಪಿಸಿದರು. ಸಭೆಯಲ್ಲಿ ಮೌನಕ್ಕೂ ಒಂದು ಲೆಕ್ಕವಿದೆ. ಅದು ಒಪ್ಪಿಗೆಯ ಲೆಕ್ಕ.

ನಮ್ಮ ಮಕ್ಕಳಿಗೆ ಈ ನಾಲ್ಕು ವಾಕ್ಯ ಕಲಿಸೋಣ:

1. *ಮೇ ಐ ಆಡ್ ಎ ಪಾಯಿಂಟ್?* – ನಡುವೆ ಅವಕಾಶ ಕೇಳಲು.
2. *ಇನ್ ಮೈ ಒಪಿನಿಯನ್...* – ನನ್ನ ಅಭಿಪ್ರಾಯ ಹೇಳಲು.
3. *ಐ ಸೀ ಇಟ್ ಡಿಫರೆಂಟ್ಲಿ* – ಒಪ್ಪದಿದ್ದಾಗ. 'ಯು ಆರ್ ರಾಂಗ್' ಎಂದರೆ ಎದುರಿನವರಿಗೇ ತಾಗುತ್ತದೆ. ಇದು ಅವರ ಮಾತಿಗಷ್ಟೇ ಉತ್ತರ.
4. *ಕುಡ್ ಯು ಎಕ್ಸ್‌ಪ್ಲೇನ್ ದಟ್?* – ಅರ್ಥವಾಗದಿದ್ದಾಗ. ಕೇಳುವುದು ಅವಮಾನವಲ್ಲ.

ಸಮ್ಮಾ ವಾಚಾ ಎಂದರೆ ಸುಳ್ಳು, ಚಾಡಿ, ಒರಟು ಮಾತು, ಕಾಡುಹರಟೆ ಬಿಡುವುದು. ಮಾತನ್ನೇ ಬಿಡುವುದಲ್ಲ.

ಇಂದಿನ ಅಭ್ಯಾಸ: ಮೂರನೇ ವಾಕ್ಯವನ್ನು ಮನೆಯವರೆಲ್ಲ ಹತ್ತು ಸಲ ಗಟ್ಟಿಯಾಗಿ ಹೇಳಿ. ನಾನು ಈಗಲೂ ಹೇಳುತ್ತೇನೆ.

ಭವತು ಸಬ್ಬ ಮಂಗಲಂ 🙏